ಆ ಒಂದು ಹಾಡು ಬಿಟ್ಟು

ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೂ ಮನುಷ್ಯರು ಗುನುಗಬಲ್ಲರು ಎಂಬುದು ಅವನಿಗೆ ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ, ಈ ಶನಿವಾರ ಬೆಳಿಗ್ಗೆ ಗೊತ್ತಾಯಿತು. ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಹೆಂಡತಿ ಕನ್ನಡಿಯ ಮುಂದೆ ನಿಂತು, ನೊರೆ ತುಂಬಿದ ಬಾಯಲ್ಲಿ, ಮಾತಿಲ್ಲದ ಬರೀ ಧಾಟಿಯಲ್ಲಿ ಆ ಹಾಡನ್ನೇ ಹಾಡುತ್ತಿದ್ದಳು. ಬ್ರಷ್ಷೂ ತಾಳ ತಪ್ಪದೆ ಮೇಲೆ ಕೆಳಗೆ ಓಡುತ್ತಿತ್ತು. ಹಾಸಿಗೆಯ ಅಂಚಿನಲ್ಲಿ ಕೂತು ಒಂದು ಕಾಲುಚೀಲ ಹಾಕಿಕೊಂಡವನು ಇನ್ನೊಂದನ್ನು ಕೈಯಲ್ಲಿ ಹಿಡಿದು ಹಾಗೇ ಉಳಿದ. ಅವಳು ನಿದ್ದೆಯಲ್ಲಿ ಯಾರೋ ಗಂಡಸಿನ ಹೆಸರು ಕನವರಿಸಿದ್ದರೆ ಇಷ್ಟು ಕಸಿವಿಸಿಯಾಗುತ್ತಿತ್ತೇ ಎಂದು ಕೇಳಿಕೊಂಡ. ಆಗುತ್ತಿರಲಿಲ್ಲ. ಆಗ ಕೊನೆಗೆ ಯಾರವನು ಎಂದಾದರೂ ಕೇಳಬಹುದಿತ್ತು. ಇಲ್ಲಿ ಕೇಳುವ ಹಾಗೂ ಇಲ್ಲ. ಆ ಹಾಡಿನ ಗಾಯಕನನ್ನು ಈ ಮನೆಯೊಳಗೆ ಕರೆತಂದವನೇ ತಾನು. "ಐದು ಗಂಟೆಗೆ ಪ್ರೋಗ್ರಾಮ್ ಶುರು, ಮರೀಬೇಡ," ಎಂದು ಅವಳು ಬಾಯಿ ಮುಕ್ಕಳಿಸುತ್ತ ಕೂಗಿದಳು. "ಮೂರಕ್ಕೆಲ್ಲ ಆಸ್ಪತ್ರೆ ಹತ್ರ ಬಂದ್ಬಿಡು. ಮೇಷ್ಟ್ರು ನಾಲ್ಕನೇ ಸಾಲಿನ ಟಿಕೆಟ್ಟೇ ಕೊಟ್ಟಿದಾರೆ." ಆ ಟಿಕೆಟ್ಟುಗಳು ಬುಧವಾರದಿಂದ ಕನ್ನಡಿಯ ಮೂಲೆಗೆ ಸಿಕ್ಕಿಸಿಕೊಂಡಿದ್ದವು. ಮುಖ ಕ್ಷೌರ ಮಾಡಿಕೊಳ್ಳುವಾಗಲೆಲ್ಲ ಅವನ ಎಡಗೆನ್ನೆಯ ಪಕ್ಕದಲ್ಲಿ ಗಾಯಕನ ಮುಖ ಕಾಣುತ್ತಿತ್ತು. ಹದಿನೆಂಟು ವರ್ಷ ಆ ಗಾಯಕನನ್ನು ಎದೆಯಲ್ಲಿಟ್ಟುಕೊಂಡು ತಿರುಗಿದ ತನಗೆ, ಅವನ ಕಛೇರಿಯ ಟಿಕೆಟ್ಟನ್ನು ಹೆಂಡತಿ ಆಸ್ಪತ್ರೆಯಲ್ಲಿ ನಡಿಗೆ ಕಲಿಸುತ್ತಿದ್ದ ರೋಗಿಯೊಬ್ಬ ದಾನ ಮಾಡಬೇಕಾಗಿ ಬಂದಿತ್ತು.

ಅವನು ಗಾಯಕನನ್ನು ಕಂಡುಹಿಡಿದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಕಂಡುಹಿಡಿದದ್ದು ಎಂದೇ ಅವನ ಮನಸ್ಸು ಹೇಳುತ್ತಿತ್ತು, ಯಾರೂ ಕಾಲಿಡದ ನಡುಗಡ್ಡೆಯೊಂದಕ್ಕೆ ತನ್ನ ದೋಣಿಯೇ ಮೊದಲು ತಾಗಿದ ಹಾಗೆ. ಬಾಡಿಗೆ ಕೋಣೆಯಲ್ಲಿ ಹಿಂದಿನವರು ಬಿಟ್ಟುಹೋದ ಕ್ಯಾಸೆಟ್ಟೊಂದು ಕಪಾಟಿನ ಹಿಂದೆ ಬಿದ್ದಿತ್ತು. ಹೊದಿಕೆ ಇಲ್ಲ, ಹೆಸರಿಲ್ಲ. ಹಾಕಿದರೆ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ, ಅವರಿಗೆ ಎಚ್ಚರವಾಗಬಾರದು ಎನ್ನುವಷ್ಟು ತಗ್ಗಿದ ದನಿ. ಅದರಲ್ಲೊಂದು ಕಿಟಕಿಯ ಹಾಡು. ಒಬ್ಬ ಮನುಷ್ಯ ಮನೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾನೆ, ಅಷ್ಟೇ ಕಥೆ. ಆದರೆ ಕೊನೆಯ ಸಾಲಿನ ಕೊನೆಯ ಪದ ಬರುವಷ್ಟರಲ್ಲಿ ಗಾಯಕ ನಿಲ್ಲಿಸಿಬಿಡುತ್ತಾನೆ. ಆ ಪದ ಏನೆಂದು ಹೇಳುವುದಿಲ್ಲ. ಎಷ್ಟೋ ತಿಂಗಳ ಮೇಲೆ ಒಂದು ದಿನ ಮೆಟ್ಟಿಲು ಹತ್ತುವಾಗ ಅವನಿಗೆ ತಟಕ್ಕನೆ ಒಂದು ಪದ ಹೊಳೆದು, ಅದೇ ಸರಿ ಎನ್ನಿಸಿ ಮೈ ಜುಮ್ಮೆಂದಿತ್ತು. ಆ ಪದವನ್ನು ಅವನು ಯಾರಿಗೂ ಹೇಳಿಲ್ಲ. ಅವನು ಕ್ಯಾಸೆಟ್ಟಿನಂಗಡಿಯಲ್ಲಿ ವಿಚಾರಿಸಿ ಹೆಸರು ತಿಳಿದುಕೊಂಡ ಮೇಲೆ ಒಂದು ಸಲ ಗ್ರಂಥಾಲಯದ ಮೇಲಿನ ಸಣ್ಣ ಸಭಾಂಗಣದಲ್ಲಿ ಗಾಯಕ ಹಾಡಿದ್ದ. ಕೇಳಲು ಬಂದವರು ಹದಿಮೂರು ಜನ, ಅದರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ ಬಂದವರು. ಹದಿಮೂರು ಜನಕ್ಕೂ ಗಾಯಕ ಬಾಗಿ ನಮಸ್ಕರಿಸಿದ್ದ. ಬಾಗುವಾಗ ಕಣ್ಣು ತನ್ನ ಮೇಲೆ ಒಂದು ಕ್ಷಣ ಹೆಚ್ಚು ನಿಂತಿತು ಎಂಬುದರಲ್ಲಿ ಅವನಿಗೆ ಇವತ್ತಿಗೂ ಅನುಮಾನವಿಲ್ಲ.

ಈಗ ನೋಡಿದರೆ 'ಇನ್ನೊಂದೇ ಹೆಜ್ಜೆ'. ಹೋದ ವರ್ಷ ಯಾವುದೋ ಸಿನಿಮಾಕ್ಕೆ ಹಾಡಿದ್ದು. 'ಇನ್ನೊಂದು ಹೆಜ್ಜೆ, ಇನ್ನೊಂದೇ ಹೆಜ್ಜೆ, ಅಲ್ಲೇ ನಿಲ್ಲಬೇಡ್ವೇ' ಎಂದು ಒಬ್ಬ ಹುಡುಗಿಯನ್ನು ಕರೆಯುವುದು. ಮೂರು ಸಾಲು, ಅದನ್ನೇ ತಿರುವಿ ಮುರುವಿ ನಾಲ್ಕು ನಿಮಿಷ. ಹಿಂದೆ ಚಪ್ಪಾಳೆ, ನಡುವೆ ಒಂದು ಶಿಳ್ಳೆ. ಯಾವ ಪದವನ್ನೂ ಬಿಡುವುದಿಲ್ಲ, ಎಲ್ಲವನ್ನೂ ಹೇಳಿ, ಸಾಲದೆಂದು ಇನ್ನೊಮ್ಮೆ ಹೇಳಿ, ಕೇಳುವವನ ಕಿವಿಯೊಳಗೆ ಚಮಚದಲ್ಲಿ ಹುಯ್ಯುತ್ತಾನೆ. ಮೊದಲ ಸಲ ಬಸ್ಸಿನಲ್ಲಿ ಕೇಳಿದಾಗಲೇ ಅವನಿಗೆ ದನಿ ಗುರುತು ಸಿಕ್ಕಿತ್ತು. ಗೌರವಸ್ಥ ದೊಡ್ಡಪ್ಪನೊಬ್ಬ ಮದುವೆಮನೆಯಲ್ಲಿ ಟೋಪಿ ಓರೆ ಮಾಡಿಕೊಂಡು ಕುಣಿಯುವುದನ್ನು ಕಂಡ ಹಾಗೆ ತಲೆ ತಗ್ಗಿಸಿ ಕೂತಿದ್ದ. ಇಡೀ ಬಸ್ಸು ಮಾತ್ರ ತಲೆ ಆಡಿಸುತ್ತಿತ್ತು.

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಕೆಲಸ, ಗಾಜು ಅರೆಯುವುದು. ಚೌಕಟ್ಟಿಗೆ ಹೊಂದುವ ಹಾಗೆ ಅಂಚು ಸವೆಸಿ, ದೃಷ್ಟಿಯ ಓರೆ ತಿದ್ದುವ ಗಾಜಾದರೆ ಅದರ ಕೋನವನ್ನು ಅಳೆದು, ಮೂರು ಚುಕ್ಕೆ ಗುರುತು ಹಾಕಿ ಕೂರಿಸಬೇಕು. ಹತ್ತು ಡಿಗ್ರಿ ತಪ್ಪಿದರೆ ಹಾಕಿಕೊಂಡವರ ಲೋಕವೇ ವಾಲುತ್ತದೆ. ಹದಿನಾಲ್ಕು ವರ್ಷದಲ್ಲಿ ಅವನ ಕೈ ತಪ್ಪಿದ್ದು ಎರಡು ಸಲ. ಇವತ್ತು ಮೂರನೆಯದು. ಮುಂದಿನ ಕೌಂಟರಿನಲ್ಲಿ ಕೂರುವವನಿಗೆ ಎಲ್ಲರೂ ಗಡಿಯಾರ ಎನ್ನುತ್ತಿದ್ದರು, ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ ಎಂದು. ಅವನ ಫೋನು ಬಡಿದುಕೊಳ್ಳುವುದೂ ಅದೇ ಹಾಡಿನಲ್ಲಿ. ಹತ್ತೂವರೆಗೆ ಅದು ಮೂರನೆಯ ಸಲ ಬಡಿದುಕೊಂಡಾಗ ಗಡಿಯಾರ ಪರದೆ ಸರಿಸಿ ಒಳಗೆ ಇಣುಕಿ, "ಇವತ್ತು ನಮ್ಮವನ ಪ್ರೋಗ್ರಾಮ್ ಅಲ್ವಾ? ಹೋಗ್ತಿದೀರಾ?" ಎಂದ. ನಮ್ಮವನು! ಆರು ವರ್ಷದ ಹಿಂದೆ ಇದೇ ಗಡಿಯಾರಕ್ಕೆ ಕಿಟಕಿಯ ಹಾಡು ಕೇಳಿಸಿದಾಗ, "ಇದೇನ್ ಸಾರ್, ಜ್ವರ ಬಂದೋರು ಹಾಡಿದ ಹಾಗಿದೆ," ಎಂದು ನಕ್ಕಿದ್ದ. "ಒಂದ್ ವಿಷಯ ಗೊತ್ತಾ ನಿಮ್ಗೆ," ಎಂದು ಗಡಿಯಾರ ಈಗ ದನಿ ತಗ್ಗಿಸಿ ಹೇಳಿಕೊಟ್ಟ, "ಆತ ಮೊದಲು ಸಣ್ಣ ಸಣ್ಣ ಸಭೆಗಳಲ್ಲಿ ಹಾಡ್ತಿದ್ನಂತೆ. ಯಾರೂ ಮೂಸಿ ನೋಡ್ತಿರ್ಲಿಲ್ವಂತೆ."

"ಹೌದಾ," ಎಂದ ಅವನು. ತಾನು ಮೂಸಿ ನೋಡಿದ್ದೆ ಎನ್ನಬೇಕೆ? ಆ ಹದಿಮೂರರಲ್ಲಿ ನಾನೊಬ್ಬ ಎಂದು ಎದೆ ತಟ್ಟಿಕೊಂಡರೆ ಗಡಿಯಾರ ನಂಬುವುದಿಲ್ಲ, ಅಥವಾ ಇನ್ನೂ ಕೆಟ್ಟದ್ದು, ನಂಬಿ ಎಲ್ಲರೆದುರು ಹೇಳಿಕೊಂಡು ನಗುತ್ತಾನೆ. ಗಾಜನ್ನು ತಿರುಗುವ ಕಲ್ಲಿಗೆ ಹಿಡಿದು ಅದರ ಕರಕರ ಸದ್ದಿನಲ್ಲಿ ಹಲ್ಲು ಕಚ್ಚಿಕೊಂಡ. ಹನ್ನೆರಡು ಗಂಟೆಗೆ ಆ ಕನ್ನಡಕ ಹಾಕಿಕೊಂಡ ಹೆಂಗಸು ಎರಡು ಹೆಜ್ಜೆ ಇಟ್ಟು, ಕೌಂಟರನ್ನು ಗಪ್ಪನೆ ಹಿಡಿದುಕೊಂಡು, "ಅಯ್ಯೋ, ನೆಲ ಯಾಕೆ ಇಳಿಜಾರಾಗಿದೆ?" ಎಂದಳು. ಎಡಗಣ್ಣಿನ ಕೋನವನ್ನು ಬಲಗಣ್ಣಿಗೆ ಕೂರಿಸಿದ್ದ. ಅಂಗಡಿಯ ಯಜಮಾನಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಾಜನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಕೈಯಿಂದ ಇಂಥದ್ದು ಆಗುತ್ತೆ ಅಂತ ನಾನು ಅನ್ಕೊಂಡಿರ್ಲಿಲ್ಲ," ಎಂದು ಮೆಲ್ಲಗೆ ಅಂದು, "ಹುಷಾರಿಲ್ವಾ?" ಎಂದು ಕೇಳಿದಳು. ಹೊಟ್ಟೆಕಿಚ್ಚಿಗೆ ರಜೆ ಕೊಡುವ ಅಂಗಡಿ ಯಾವುದಿದೆ? ತಲೆನೋವು ಎಂದ. ಒಂದು ಗಂಟೆಗೇ ಮನೆಗೆ ಕಳಿಸಿದಳು.

ಮನೆಗೆ ಹೋಗದೆ ಸುಮ್ಮನೆ ಬೀದಿ ಸುತ್ತಿ, ಹೇಳಿದ್ದಕ್ಕಿಂತ ಅರ್ಧ ಗಂಟೆ ಮುಂಚೆಯೇ ಆಸ್ಪತ್ರೆ ಸೇರಿದ. ವ್ಯಾಯಾಮದ ಕೋಣೆಯ ಬಾಗಿಲಿಗೆ ಉದ್ದನೆಯ ಗಾಜಿನ ಪಟ್ಟಿ. ಒಳಗೆ ಎರಡು ಕಂಬಿಗಳ ನಡುವೆ ಟಿಕೆಟ್ಟು ಕೊಟ್ಟ ಭೂಗೋಳದ ಮೇಷ್ಟ್ರು ನಿಂತಿದ್ದರು. ಲಕ್ವ ಹೊಡೆದು ಬಲಗಾಲು ಮಾತು ಕೇಳದೆ ಏಳು ತಿಂಗಳಾಗಿತ್ತು. ಹೆಂಡತಿ ಅವರ ಮೊಣಕೈ ಕೆಳಗೆ ಕೈಯಿಟ್ಟು ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿದ್ದಳು. ಕಿಟಕಿಯ ಮೇಲಿನ ಸಣ್ಣ ಪೆಟ್ಟಿಗೆಯಿಂದ ಹಾಡು ಬರುತ್ತಿತ್ತು. ಗಾಜು ದಪ್ಪವಾಗಿದ್ದರಿಂದ ಬರೀ ಬಡಿತ ಕೇಳಿಸುತ್ತಿತ್ತು, ಗೋಡೆಯಾಚೆ ಯಾರೋ ಹಾಸಿಗೆ ಕೊಡವುವ ಹಾಗೆ. 'ಇನ್ನೊಂದೇ' ಎಂಬಲ್ಲಿಗೆ ಅವಳು ಗಲ್ಲ ಎತ್ತುತ್ತಿದ್ದಳು, ಮೇಷ್ಟ್ರ ಸತ್ತ ಕಾಲು ನೆಲ ಬಿಟ್ಟು ಮುಂದೆ ಬರುತ್ತಿತ್ತು. ಹಾಗೆ ಆರು ಸಲ. ಏಳನೆಯದಕ್ಕೆ ಮೇಷ್ಟ್ರು ಅವಳ ಮೇಲೆ ವಾಲಿದರು. ಅವಳು ಭುಜ ಕೊಟ್ಟು ನಿಲ್ಲಿಸಿ, ತಲೆ ಹಿಂದಕ್ಕೆ ಎಸೆದು ನಕ್ಕಳು. ಆ ನಗು ಅವನಿಗೆ ಗುರುತಿರಲಿಲ್ಲ. ಕೆಳಗಿನ ಹಲ್ಲುಗಳೂ ಕಾಣುವ ನಗು. ಅರುವತ್ತೆಂಟರ ಬೋಳುತಲೆಯ ಮುದುಕರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು, ಆದರೆ ನಾಚಿಕೆಯಿಂದ ಕಿಚ್ಚೇನೂ ಆರಲಿಲ್ಲ. ಮದುವೆಯಾದ ಮೊದಲ ವಾರದಲ್ಲಿ, ಇನ್ನೂ ಗಂಟು ಬಿಚ್ಚದ ಪೆಟ್ಟಿಗೆಗಳ ನಡುವೆ, ಅವಳನ್ನು ಚಾಪೆಯ ಮೇಲೆ ಕೂರಿಸಿ ಕಿಟಕಿಯ ಹಾಡು ಹಾಕಿದ್ದ. ಊರಿಗೆಲ್ಲ ಬೀಗ ಹಾಕಿದ್ದ ಬಾಗಿಲನ್ನು ಅವಳೊಬ್ಬಳಿಗೆ ತೆರೆದಂತೆ. ಎರಡನೆಯ ಚರಣಕ್ಕೆಲ್ಲ ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ಮುಗಿದ ಮೇಲೂ ತೆರೆಯಲಿಲ್ಲ. ನಿದ್ದೆ ಹೋಗಿದ್ದಾಳೆ ಎಂದುಕೊಂಡು ಅವನು ಸದ್ದಾಗದಂತೆ ಕ್ಯಾಸೆಟ್ಟು ತೆಗೆದಿಟ್ಟಿದ್ದ. ಆ ನಿದ್ದೆಯನ್ನು ಹನ್ನೊಂದು ವರ್ಷ ಕ್ಷಮಿಸಿರಲಿಲ್ಲ.

ಕೆಲಸ ಮುಗಿಸಿ ಬಂದ ಅವಳು, "ಯಾವಾಗ್ ಬಂದೆ? ಕೂಗೋದಲ್ವಾ?" ಎಂದು ಕ್ಯಾಂಟೀನಿಗೆ ಕರೆದೊಯ್ದಳು. ಮೂಲೆಯ ಮೇಜಿನಲ್ಲಿ ಟೀ ಕುಡಿಯುತ್ತ ಅವಳು ಚಪ್ಪಲಿ ಕಳಚಿ ಒಂದು ಪಾದದಿಂದ ಇನ್ನೊಂದನ್ನು ಒತ್ತಿಕೊಳ್ಳುತ್ತಿದ್ದಳು.

"ಆ ಹಾಡನ್ನ ದಿನಕ್ಕೆ ಎಷ್ಟು ಸಲ ಕೇಳ್ತೀಯ?" ಎಂದ. ದನಿ ಸಹಜವಾಗಿರಲೆಂದು ಲೋಟದ ಒಳಗೆ ನೋಡುತ್ತ ಕೇಳಿದ್ದ.

"ಇಪ್ಪತ್ತು ಸಲ ಆಗ್ಬಹುದು. ಅದರ ಲಯ ನಡಿಗೆಗೆ ಸರಿಯಾಗಿ ಕೂರತ್ತೆ. ಬೇರೆ ಯಾವ್ದು ಹಾಕಿದ್ರೂ ಮೇಷ್ಟ್ರು ಕಾಲು ಎತ್ತಲ್ಲ."

"ಹಾಗಾದ್ರೆ ಔಷಧಿ ಅನ್ನು."

"ಔಷಧಿ ಅಂತಾನೇ ಇಟ್ಕೋ. ಆದ್ರೆ ನಂಗೆ ಇಷ್ಟ ಕೂಡ."

"ಅದ್ರಲ್ಲೇನಿದೆ ಇಷ್ಟ ಆಗೋಕೆ? ಅವನ ನೂರು ಹಾಡಲ್ಲಿ ಅದೊಂದು ಕಸ. ಮಿಕ್ಕ ತೊಂಬತ್ತೊಂಬತ್ತು ಬಿಟ್ಟು ನಿಮಗೆಲ್ಲ ಅದೇ ಬೇಕಾ?"

'ನಿಮಗೆಲ್ಲ' ಎಂದದ್ದು ಅವಳಿಗೆ ತಾಗಿತು. ಲೋಟ ಕೆಳಗಿಟ್ಟಳು. ಸಿಟ್ಟಾಗಲಿಲ್ಲ, ನೋವೆಲ್ಲಿದೆ ಎಂದು ರೋಗಿಯನ್ನು ನೋಡುವ ಹಾಗೆ ನೋಡಿದಳು. "ಅದು ನನ್ನ ಮುಖ ನೋಡಲ್ಲ. ಅದಕ್ಕೇ ಇಷ್ಟ."

"ಅಂದ್ರೆ?"

"ನೀನು ಹಾಡು ಹಾಕಿದಾಗೆಲ್ಲ ನನ್ನ ಮುಖ ನೋಡ್ತಾ ಕೂರ್ತಿದ್ದೆ. ಕಣ್ಣಿನ ಡಾಕ್ಟ್ರು ಗಾಜು ಬದಲಾಯಿಸಿ ಬದಲಾಯಿಸಿ, ಈಗ ಕಾಣತ್ತಾ, ಈಗ ಕಾಣತ್ತಾ ಅಂತಾರಲ್ಲ, ಹಾಗೆ. ನಂಗೇನು ಕಾಣ್ತಿದೆ ಅಂತ ನೋಡೋಕೇ ನೀನು ಬಿಡ್ತಿರ್ಲಿಲ್ಲ."

"ನೀನು ನಿದ್ದೆ ಮಾಡ್ಬಿಟ್ಟಿದ್ದೆ ಅವತ್ತು."

"ಯಾರು ಹೇಳಿದ್ದು?" ಅವಳು ನಿಜಕ್ಕೂ ಬೆರಗಾದಳು. "ಕಣ್ಣು ಮುಚ್ಕೊಂಡೆ ಅಷ್ಟೆ. ಆಮೇಲೆ ತೆಗೆಯೋಕೆ ಭಯ ಆಯ್ತು. ತೆಗೆದ್ರೆ ಏನಾದ್ರೂ ಹೇಳ್ಬೇಕಲ್ಲ."

"ಹಾಡು ಹೇಗಿತ್ತು?" ಎಂದು ಅವನು ಕೇಳಿದ.

"ಗೊತ್ತಾಗ್ಲಿಲ್ಲ. ನಿನ್ನ ಉಸಿರೇ ಜೋರಾಗಿ ಕೇಳಿಸ್ತಿತ್ತು."

ಸಭಾಂಗಣದಲ್ಲಿ ಸಾವಿರ ಜನವಾದರೂ ಇದ್ದರು. ಮೇಷ್ಟ್ರನ್ನು ಅವರ ಸೊಸೆ ಗಾಲಿಕುರ್ಚಿಯಲ್ಲಿ ತಂದು ನಡುದಾರಿಯ ಅಂಚಿನಲ್ಲಿ ನಿಲ್ಲಿಸಿದಳು. ಅವರ ಪಕ್ಕದಲ್ಲಿ ಅವನ ಹೆಂಡತಿ, ಆಮೇಲೆ ಅವನು, ಅವನ ಇನ್ನೊಂದು ಪಕ್ಕಕ್ಕೆ ದಪ್ಪ ಶಾಲು ಹೊದ್ದ ಅಜ್ಜಿ. ಮೇಷ್ಟ್ರು ಬಾಯಿಯ ಒಂದೇ ಪಕ್ಕದಿಂದ ನಗುತ್ತ, "ನೀವು ಈ ಗಾಯಕ್ರ ಹಳೇ ಭಕ್ತರಂತೆ, ಇವ್ರು ಹೇಳಿದ್ರು," ಎಂದರು. ಅಂದರೆ ಅವಳು ಇದನ್ನೂ ಇವರಿಗೆ ಹೇಳಿದ್ದಾಳೆ. ಖುಷಿಪಡಬೇಕೋ ಬೇಡವೋ ತಿಳಿಯದೆ ತಲೆಯಾಡಿಸಿದ. ಪರದೆ ಎದ್ದು ಗಾಯಕ ಬಂದಾಗ ಅವನಿಗೆ ಮೊದಲು ಕಂಡದ್ದು ಬಣ್ಣ ಹಚ್ಚಿದ ಕೂದಲು, ಆಮೇಲೆ ಹೊಟ್ಟೆ. ದನಿ ಮಾತ್ರ ಹಳೆಯದೇ. ಕೊಂಚ ಮರಳು ಬೆರೆತಿತ್ತು, ಅದರಿಂದ ಇನ್ನಷ್ಟು ಚೆಂದವಾಗಿತ್ತು. ಮೂರನೆಯದಾಗಿ ಗಾಯಕ ಕಿಟಕಿಯ ಹಾಡು ಎತ್ತಿಕೊಂಡ. ಅವನ ತೋಳಿನ ಕೂದಲು ನಿಂತಿತು. ಸುತ್ತ ಜನ ಪಿಸುಗುಟ್ಟುತ್ತಿದ್ದರು, ಫೋನು ನೋಡುತ್ತಿದ್ದರು. ಹೆಂಡತಿಯ ಕಡೆ ತಿರುಗಬಾರದು ಎಂದು ಅವನು ಕತ್ತನ್ನು ಬಿಗಿ ಹಿಡಿದ. ಒಂದೇ ಒಂದು ಸಲ ನೋಡಿದರೆ ಹಾಡು ಅವಳಿಗೆ ತಾಗಿತೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು. ನೋಡಲಿಲ್ಲ. ಹಾಡಿನ ಉದ್ದಕ್ಕೂ ಗಾಯಕನ ಷರ್ಟಿನ ಎರಡನೆಯ ಗುಂಡಿಯನ್ನು ನೋಡುತ್ತ, ಉಸಿರನ್ನೂ ಕೇಳಿಸದ ಹಾಗೆ ಸಣ್ಣಗೆ ಬಿಡುತ್ತ ಕೂತ. ಕೊನೆಯ ಸಾಲು ಬಂತು. ಗಾಯಕ ಕೊನೆಯ ಪದದ ಮುಂದೆ ನಿಲ್ಲಿಸಿದ. ಅವನು ತನ್ನ ಪದವನ್ನು ಇನ್ನೇನು ಮನಸ್ಸಿನಲ್ಲಿ ಎತ್ತಬೇಕು, ಅಷ್ಟರಲ್ಲಿ ಹಿಂದಿನಿಂದ ಯಾರೋ ಗಂಟಲು ಹರಿಯುವಂತೆ ಕಿರಿಚಿದರು: "ಇನ್ನೊಂದೇ ಹೆಜ್ಜೇ!"

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಅವನ ಕಿವಿ ಕಾದುಹೋಯಿತು. ಗಾಯಕ ಈಗ ಎದ್ದು ಹೋಗುತ್ತಾನೆ, ಹೋಗಬೇಕು, ಹೋದರೆ ತಾನೊಬ್ಬ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ ಎಂದುಕೊಂಡ. ಗಾಯಕ ನಕ್ಕ. ನೊಂದು ನಕ್ಕದ್ದಲ್ಲ, ಮರ್ಯಾದೆಗೆ ನಕ್ಕದ್ದಲ್ಲ; ಶಾಲೆ ಬಿಟ್ಟ ಮಗುವಿನ ಹಾಗೆ ಮುಖ ತುಂಬ ನಕ್ಕು, "ಗೊತ್ತಿತ್ತು ಕಣ್ರಪ್ಪಾ, ಬಂದೆ ಬಂದೆ!" ಎಂದ. ಹದಿಮೂರು ಜನಕ್ಕೆ ಬಾಗಿದ ದಿನ ಆ ಮುಖದಲ್ಲಿ ಇಂಥ ನಗೆ ಇರಲಿಲ್ಲ. ತಾನು ಅಷ್ಟು ವರ್ಷ ಕಾದು ಕಾಪಾಡಿಕೊಂಡವನಿಗೆ ತನ್ನಿಂದ ಸಿಗದೇ ಇದ್ದದ್ದು ಇವರಿಂದ ಸಿಕ್ಕಿತ್ತು. ತಾಳ ಶುರುವಾಯಿತು. ಸಾವಿರ ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿ ಎಲ್ಲರೂ ಎದ್ದು ನಿಂತರು. ಮೇಷ್ಟ್ರು ಗಾಲಿಕುರ್ಚಿಯ ಕೈ ಹಿಡಿದು ಏಳತೊಡಗಿದರು. ಹೆಂಡತಿ ಅವರ ಮೊಣಕೈಗೆ ಕೈ ಕೊಟ್ಟು ಎಬ್ಬಿಸಿದಳು. ಅವನು ಕೂತೇ ಇದ್ದ. ಎದುರಿಗೆ ಬರೀ ಬೆನ್ನುಗಳು, ಸೊಂಟಗಳು, ತೂಗಾಡುವ ಕೈಚೀಲಗಳು. ಏಳುವುದಿಲ್ಲ ಎಂದು ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪಕ್ಕದ ಅಜ್ಜಿ ಶಾಲು ಬೀಸುತ್ತಿದ್ದವಳು ಬಗ್ಗಿ ನೋಡಿ, "ಯಾಕಪ್ಪಾ, ಕಾಲು ನೋವಾ?" ಎಂದಳು.

"ಹೂಂ," ಎಂದುಬಿಟ್ಟ. "ಮಂಡಿ."

"ಅಯ್ಯೋ ಪಾಪ! ಈ ವಯಸ್ಸಿಗೇ!" ಅಜ್ಜಿ ಅವನ ತಲೆಯ ಮೇಲಿಂದ ಕೈ ಚಾಚಿ ಹೆಂಡತಿಯ ಬೆನ್ನು ತಟ್ಟಿದಳು. "ಏನಮ್ಮಾ, ನಿನ್ನ ಯಜಮಾನ್ರಿಗೆ ಕಾಲು ಹಿಡ್ಕೊಂಡಿದೆ, ನೋಡ್ಬಾರ್ದಾ?"

ಹೆಂಡತಿ ತಿರುಗಿದಳು. ಮುಖದಲ್ಲಿ ಹಾಡು ಇನ್ನೂ ಇತ್ತು, ಗಲ್ಲ ಎತ್ತಿಯೇ ಇತ್ತು. ಮೇಷ್ಟ್ರ ತೋಳನ್ನು ಅವರ ಸೊಸೆಗೆ ಒಪ್ಪಿಸಿ, ಎರಡು ಸಾಲುಗಳ ನಡುವಿನ ಕಿರಿದಾದ ಜಾಗದಲ್ಲಿ ಅವನ ಮುಂದೆ ಮೊಣಕಾಲೂರಿದಳು. "ಯಾವ್ದು?" ಎಂದು ತುಟಿಯಲ್ಲೇ ಕೇಳಿದಳು. ಅವನು ಬಲಗಾಲು ತೋರಿಸಿದ. ಅವಳ ಎರಡು ಹೆಬ್ಬೆರಳು ಮಂಡಿಚಿಪ್ಪಿನ ಎರಡು ಬದಿ ಹುಡುಕಿಕೊಂಡು ಒತ್ತಿದವು. "ಇಲ್ಲಿ ನೋವಾ?" ಹೌದೆಂದು ತಲೆಯಾಡಿಸಿದ. "ಇಲ್ಲೂ?" ಅದಕ್ಕೂ ಆಡಿಸಿದ. ಅವಳು ಹಿಮ್ಮಡಿಯನ್ನು ಒಂದು ಕೈಯಲ್ಲಿ ಹಿಡಿದು ಕಾಲನ್ನು ನಿಧಾನ ಮಡಿಸಿ ಬಿಡಿಸಿದಳು. ಅವಳ ತಲೆ ಅವನ ಎದೆಯ ಮಟ್ಟದಲ್ಲಿತ್ತು. ಬೈತಲೆಯಲ್ಲಿ ನಾಲ್ಕಾರು ಬಿಳಿಕೂದಲು, ಯಾವಾಗ ಬಂದವೋ ಗೊತ್ತಿಲ್ಲ. ಸುತ್ತ ಸಾವಿರ ಜನರ ಚಪ್ಪಾಳೆ, ಆ ಶಿಳ್ಳೆ, ಆ ಮೂರು ಸಾಲು. ಇಡೀ ಊರು ಕೇಳುತ್ತಿದ್ದ ಹಾಡಿಗೆ ಬೆನ್ನು ಮಾಡಿ ಅವಳು ತನ್ನ ಕಾಲು ಹಿಡಿದು ಕೂತಿದ್ದಾಳೆ. ಗೆದ್ದೆ ಎನ್ನಿಸಿತು, ಮರುಕ್ಷಣವೇ ಆ ಗೆಲುವು ಹುಳಿಯಾಯಿತು. ಬಿಡು, ಏನಿಲ್ಲ, ಏಳು ಎನ್ನಬೇಕೆಂದು ಎರಡು ಸಲ ಬಾಯಿ ತೆರೆದ. ಹಾಡು ಕೊನೆಯ ಸುತ್ತಿಗೆ ಬಂದಾಗ ಅವಳು ಒಮ್ಮೆ ತಲೆ ಎತ್ತಿ ವೇದಿಕೆಯ ಕಡೆ ನೋಡಿದಳು. ಆ ತಗ್ಗಿನಿಂದ ಏನು ಕಂಡೀತು? ಯಾರದೋ ಪ್ಯಾಂಟಿನ ಹಿಂಜೇಬು. ಮತ್ತೆ ಮಂಡಿಯ ಮೇಲೆ ಬಗ್ಗಿದಳು. ಚಪ್ಪಾಳೆ ಚಾವಣಿ ಹಾರುವಷ್ಟಾಗಿ, ನಿಂತು, ಜನ ಕೂತರು.

"ಮಂಡಿಗೆ ಏನೂ ಆಗಿಲ್ಲ," ಎಂದಳು ಅವಳು. ಇನ್ನೂ ನೆಲದ ಮೇಲೇ ಇದ್ದಳು.

"ಗೊತ್ತು."

"ನಂಗೂ ಮೊದಲ್ನೇ ಸಲ ಒತ್ತಿದಾಗ್ಲೇ ಗೊತ್ತಾಯ್ತು."

ಹಾಗಾದರೆ ಯಾಕೆ ಏಳಲಿಲ್ಲ ಎಂದು ಕೇಳುವಷ್ಟರಲ್ಲಿ ಮೇಷ್ಟ್ರು ಆಚೆಯಿಂದ ಬಗ್ಗಿ, ಮುಖವೆಲ್ಲ ಬೆವರಿ, "ಕೊನೇವರೆಗೂ ನಿಂತಿದ್ದೆ! ನೋಡಿದ್ರಾ? ಕೊನೇವರೆಗೂ!" ಎಂದರು. ಅವಳು ನೋಡಿರಲಿಲ್ಲ. ಏಳು ತಿಂಗಳು ಕಾದದ್ದನ್ನು ನೋಡಿರಲಿಲ್ಲ. "ನೋಡಿದೆ ಮೇಷ್ಟ್ರೇ," ಎಂದು ನಕ್ಕಳು. ಕೆಳಗಿನ ಹಲ್ಲು ಕಾಣಲಿಲ್ಲ.

ವಿರಾಮದಲ್ಲಿ ಅವಳೇ ಹೋಗೋಣ ಎಂದಳು. ಅಜ್ಜಿ ನೋಡುತ್ತಿದ್ದಳು, ದಾರಿ ಬಿಡಿ, ಕಾಲಿಲ್ಲದೋರು ಎಂದು ಸಾಲಿನವರಿಗೆಲ್ಲ ಸಾರಿಯೂಬಿಟ್ಟಳು. ಅವನು ಕುಂಟಲೇಬೇಕಾಯಿತು. ಹೆಂಡತಿ ಮೊಣಕೈ ಕೆಳಗೆ ಕೈ ಕೊಟ್ಟಳು, ಜನ ಸರಿದು ಜಾಗ ಬಿಟ್ಟರು, ಬಾಗಿಲ ಬಳಿ ಯಾರೋ ಅಯ್ಯೋ ಎಂದರು. ಹೊರಗೆ ಸಂಜೆಯ ಬೆಳಕು ಇನ್ನೂ ಇತ್ತು. ಮೆಟ್ಟಿಲಿಳಿದು, ಗೇಟು ದಾಟಿ, ಬಸ್ಸು ನಿಲ್ಲುವ ಕಡೆಗೆ ಅರ್ಧ ದಾರಿ ಬಂದ ಮೇಲೆ ಅವಳು ಕೈ ತೆಗೆದಳು.

"ಇನ್ನು ಸಾಕು. ಇಲ್ಲಿ ಯಾರೂ ನೋಡ್ತಿಲ್ಲ."

ಅವಳು ಮುಂದೆ ನಡೆದಳು. ಅವನು ನಿಂತು ಎರಡೂ ಕಾಲಿನ ಮೇಲೆ ಭಾರ ಬಿಟ್ಟ. ಯಾವ ಕಾಲನ್ನು ಮೊದಲು ಎತ್ತುವುದು ಎಂದು ಹೊಳೆಯದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ. ಆದರೆ ನಡಿಗೆಯನ್ನು ನಿಧಾನ ಮಾಡಿದ್ದಳು.